ಹಿಂದಕ್ಕೆ ಮುಖ ಮಾಡಿ ಕೂತ ಗೌಡರು

ಅವರು ಹೊಡೆಯುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತೀರಿಹೋದವರ ಬಗ್ಗೆ ಬರೆಯಲು ಕೂತರೆ ಪೆನ್ನು ತಾನಾಗಿಯೇ ನಡು ಬಗ್ಗಿಸುತ್ತದೆ, ಆಮೇಲೆ ಅದನ್ನು ನೆಟ್ಟಗೆ ನಿಲ್ಲಿಸುವುದು ಕಷ್ಟ. ನಾಲೆಯ ನೀರನ್ನು ಸರದಿ ತಪ್ಪಿಸಿ ತನ್ನ ಗದ್ದೆಗೆ ತಿರುಗಿಸಿಕೊಂಡವನಿಗೆ ಹೊಡೆದರು. ಏರಿನಲ್ಲಿ ಗಾಡಿ ಹತ್ತಲಿಲ್ಲವೆಂದು ಎತ್ತಿನ ಬಾಲ ತಿರುಚಿದವನಿಗೆ ಹೊಡೆದರು. ಹಲಗೂರಿನ ಸಂತೆಯಲ್ಲಿ ಹೆಂಗಸೊಬ್ಬಳ ಸೆರಗಿಗೆ ಕೈ ಹಾಕಿದವನ ಮೂಗು ಮುರಿದು, ಅದೇ ಕೈಯಲ್ಲಿ ಬದನೆಕಾಯಿ ಆರಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು. ಬೈಗುಳದಲ್ಲಿ ಹೊತ್ತು ಕಳೆಯುವ ಜಾಯಮಾನ ಅವರದಲ್ಲ. ಹೆಂಡತಿಯ ಮೇಲೆ ಕೈ ಮಾಡಿದ್ದನ್ನು ನಾನು ನೋಡಿಲ್ಲ. ನೋಡಿಲ್ಲ ಎಂದರೆ ಮಾಡಿಲ್ಲ ಎಂದೇನೂ ಅಲ್ಲ. ಆ ತಾಯಿಯ ಮುಂದಿನ ಹಲ್ಲೊಂದು ಇರಲಿಲ್ಲ, ಯಾಕೆಂದು ನಾನು ಕೇಳಲೂ ಇಲ್ಲ.

ಅಂಥವರಿಗೆ ಈಗ ಊರಿನವರು ಕಲ್ಲು ನಿಲ್ಲಿಸುತ್ತಿದ್ದಾರೆ.

ಹೋದ ವಾರ ಅವರ ತಮ್ಮನ ಮಗ ಪುಟ್ಟಸ್ವಾಮಿ ಮಂಡ್ಯದ ನಮ್ಮ ಮನೆಗೆ ಬಂದಿದ್ದ. ಅರವತ್ತರ ಆಸುಪಾಸಿನ ಗಂಡಸು. ಬಲಗೈ ಮೊಣಕೈಯಿಂದ ಕೆಳಗೆ ಸೊಟ್ಟ. ಕಾಫಿ ಲೋಟವನ್ನು ಎಡಗೈಯಲ್ಲೇ ಹಿಡಿಯುತ್ತಾನೆ. ಆ ಕೈಯನ್ನು ಮುರಿದವರೂ ಗೌಡರೇ.

"ಟೀಚರಮ್ಮ, ದೊಡ್ಡಪ್ಪನ ಕಲ್ಲಿಗೆ ನಾಕು ಸಾಲು ಬರ್ಕೊಡ್ಬೇಕು ನೀವು. ಐಕ್ಳು ಫೋನಲ್ಲಿ ದೊಡ್ಡಪ್ಪನ ಯುದ್ದದ್ ಮೆಡ್ಲು ನೋಡ್ಬುಟ್ಟು ಕುಣೀತಾ ಅವೆ. ಮ್ಯಾಲೆ ಏರೋಪ್ಲೇನು ಕೆತ್ತಿಸ್ತೀವಿ. ಅದ್ರ ಕೆಳೀಕೆ ನಿಮ್ ಬರವಣ್ಗೆ" ಅಂದ.

ಆಗಲಿ ಅಂದೆ. ಹೊರಟವನು ಗೇಟಿನ ಹತ್ತಿರ ನಿಂತ. ಚಪ್ಪಲಿ ಹಾಕಿಕೊಂಡ, ಮತ್ತೆ ಬಿಟ್ಟ.

"ಬರೆಯೋಕ್ ಮುಂಚೆ ನಂಗೊಂದ್ ಮಾತು ಯೋಳ್ಬೇಕು. ಆವತ್ತು ಸಂಕ್ರಾಂತಿ ಕಿಚ್ಚಿನ್ ತಾವ, ಕೈ ಎತ್ದಾಗ, ಅದು ನಾನು ಅಂತ ದೊಡ್ಡಪ್ಪಂಗೆ ಗೊತ್ತಿತ್ತಾ? ಈಗ್ಲೇ ಬ್ಯಾಡ. ಬರೋ ವಾರ ಬತ್ತೀನಿ, ಆಗ ಯೋಳಿ."

ಅವನು ಹೋದ. ನಾನು ಒಂದು ವಾರ ನಿದ್ದೆಗೆಟ್ಟೆ. ಯಾಕೆಂದರೆ ಆ ಪ್ರಶ್ನೆಗೆ ಉತ್ತರವನ್ನು ನಾನು ಒಮ್ಮೆ ಕೊಟ್ಟಾಗಿತ್ತು. ನಲವತ್ತು ವರ್ಷದ ಹಿಂದೆ, ಪೊಲೀಸ್ ಠಾಣೆಯಲ್ಲಿ, ಸಹಿ ಹಾಕಿ. ಅದು ಸುಳ್ಳು.

ನಾನು ಮದ್ದೂರಿನ ಪುರೋಹಿತರ ಮನೆಯ ಹುಡುಗಿ. ನಮ್ಮ ಮನೆಯಲ್ಲಿ ಜಿರಳೆಯನ್ನೂ ಹೊಡೆಯದೆ ಪೊರಕೆಯಲ್ಲಿ ನಯವಾಗಿ ಆಚೆಗೆ ಸಾಗಹಾಕುತ್ತಿದ್ದರು. ಮೊದಲ ಕೆಲಸ ಸಿಕ್ಕಿದ್ದು ಮಳವಳ್ಳಿ ತಾಲ್ಲೂಕಿನ ಹಲಗೂರಿನಾಚೆಯ ಒಂದು ಹೈಸ್ಕೂಲಿನಲ್ಲಿ. ಇರಲು ಸಿಕ್ಕಿದ್ದು ಈ ಗೌಡರ ಮನೆಯ ಮುಂಗೋಣೆ. "ಮಿಲ್ಟ್ರಿ ಗೌಡ್ರ ಮನೇಲಿದ್ರೆ ಯಾವ್ ನನ್ಮಗನೂ ತಂಟೆಗೆ ಬರಾಕಿಲ್ಲ" ಎಂದು ಊರಿನವರೇ ನನ್ನ ಟ್ರಂಕು ಹೊತ್ತುಕೊಂಡು ಹೋಗಿ ಅಲ್ಲಿಟ್ಟರು. ನಿಜ, ಯಾರೂ ಬರಲಿಲ್ಲ. ಮೊದಲ ಒಂದು ತಿಂಗಳು ನಾನೂ ಕೋಣೆಯಿಂದಾಚೆ ಬರಲಿಲ್ಲ.

ಆಗ ಅವರಿಗೆ ಅರವತ್ತು ದಾಟಿತ್ತು. ಮಾತೆತ್ತಿದರೆ ಎರಡೇ ವಾಕ್ಯ. ಬ್ರಿಟಿಷರ ಕಾಲದ ದೊಡ್ಡ ಯುದ್ಧದಲ್ಲಿ ಬಾಂಬು ಹಾಕುವ ವಿಮಾನದ ಹಿಂಬದಿಯಲ್ಲಿ ಕೂತು ಗನ್ನು ಹೊಡೆಯುವ ಕೆಲಸ ಅವರದಾಗಿತ್ತು. ಬರ್ಮಾ ಕಡೆ. ರಾಜನ ತಲೆಯಿದ್ದ ಒಂದು ಬೆಳ್ಳಿ ಪದಕವನ್ನು ಕೊಟ್ಟಿದ್ದರು. ಅದು ಕೊಟ್ಟಿಗೆಯಲ್ಲಿ, ಎತ್ತಿನ ಗಗ್ಗರ ನೇತುಹಾಕುವ ಮೊಳೆಯಲ್ಲೇ ನೇತಾಡುತ್ತಿತ್ತು. ರಿಬ್ಬನ್ನು ಗಂಜಲದ ಹಬೆಗೆ ಬಣ್ಣ ಕಳೆದುಕೊಂಡಿತ್ತು.

ಬಸ್ಸು ಹತ್ತಿದರೆ ಅವರಿಗೆ ಒಂದೇ ಸೀಟು. ಆಗಿನ ಬಸ್ಸುಗಳಲ್ಲಿ ಡ್ರೈವರಿನ ಬೆನ್ನಿಗೆ ಹಿಂದಕ್ಕೆ ಮುಖ ಮಾಡಿದ ಒಂದು ಉದ್ದನೆಯ ಸೀಟು ಇರುತ್ತಿತ್ತು. ವಾಂತಿಯಾಗುತ್ತದೆಂದು ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಗೌಡರು ಅಲ್ಲೇ. ಬಸ್ಸಿನಲ್ಲಿದ್ದವರನ್ನೆಲ್ಲ ದಾಟಿ ಹಿಂದಿನ ಗಾಜಿನಲ್ಲಿ ಓಡುವ ರಸ್ತೆಯನ್ನು ಮಳವಳ್ಳಿಯ ತನಕ ನೋಡುತ್ತಿದ್ದರು. ಗಾಡಿಯಲ್ಲಾದರೂ ಅಷ್ಟೇ. ಹೊಡೆಯುವವನಿಗೆ ಬೆನ್ನು ಕೊಟ್ಟು, ಹಿಂದೆ ಕಾಲು ಇಳಿಬಿಟ್ಟು ಕೂರುವುದು.

"ಮುಂದೆ ನೋಡ್ಕೊಂಡು ಕೂತ್ಕೋಬಾರ್ದಾ ಗೌಡರೇ?" ಎಂದು ಕೇಳಿದೆ ಒಂದು ಸಲ.

"ಮುಂದೆ ಬರೋದ ನೋಡಾಕೆ ಡ್ರೈವರ್ ಅವ್ನೆ. ಇಂದೆ ಆಗೋದ ನೋಡಾಕೆ ಒಬ್ಬ ಬ್ಯಾಡ್ವೇನಮ್ಮ?" ಅಂದರು. ನಾನು ಅದನ್ನು ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಆ ವರ್ಷ ಸ್ವಾತಂತ್ರ್ಯ ದಿನಕ್ಕೆ ಅವರನ್ನು ಸ್ಕೂಲಿಗೆ ಕರೆಸಬೇಕೆಂದು ಹೆಡ್‌ಮಾಸ್ತರಿಗೆ ಹೇಳಿ ಒಪ್ಪಿಸಿದವಳು ನಾನೇ. ಬುದ್ಧಿಯಿಲ್ಲದ ವಯಸ್ಸು. ಮಕ್ಕಳು ಗರಿಗರಿ ಬಟ್ಟೆ ಹಾಕಿಕೊಂಡು ಸಾಲಾಗಿ ಕೂತಿದ್ದರು. ಗೌಡರು ಪದಕ ತಂದಿರಲಿಲ್ಲ. ಮೈಕು ಬೇಡವೆಂದು ಪಕ್ಕಕ್ಕೆ ತಳ್ಳಿದರು.

"ನಾನು ಪ್ಲೇನಲ್ಲಿ ಇಂದ್ಗಡೆ ಕೂತಿರ್ತಿದ್ದೆ. ಓಡ್ಸೋನ್ ಬೆನ್ನಿಗೆ ನನ್ ಬೆನ್ನು. ಪಕ್ಕದ್ ಮಂಚದಲ್ಲಿ ಮಲಗ್ತಿದ್ದೋನು ಪಂಜಾಬಿನೋನು. ಅವನದೂ ಇದೇ ಕೆಲ್ಸ, ಇನ್ನೊಂದು ಪ್ಲೇನಲ್ಲಿ. ಒಂದಿನ ಅವನ ಪ್ಲೇನು ವಾಪಸ್ ಬಂತು. ಅವ್ನೂ ಬಂದ, ಇಡಿಯಾಗಿ ಬರ್ನಿಲ್ಲ. ಆ ಸೀಟ ತೊಳ್ಯೋ ಕೆಲ್ಸ ನಂಗ್ ಕೊಟ್ರು. ನೀರ್ ಉಯ್ದಷ್ಟೂ ಕೆಂಪು ಬತ್ತಾನೇ ಇತ್ತು. ಸಂದೀಲಿ ಅವನ್ ಬಾಯಿನ್ ಎರಡು ಅಲ್ಲು ಸಿಕ್ವು. ಎಲ್ಲಿ ಮಡಗ್ಬೇಕು ಅಂತ ಯಾರೂ ಯೋಳ್ನಿಲ್ಲ. ಜೋಬಲ್ಲಿ ಮಡಿಕ್ಕಂಡೆ." ಸ್ವಲ್ಪ ಹೊತ್ತು ಮಕ್ಕಳನ್ನು ನೋಡಿದರು. "ಯುದ್ದ ಅಂದ್ರೆ ಅದು. ಈಗ ಐಕ್ಳಿಗೆ ಮಿಠಾಯಿ ಕೊಡಿ."

ಮುಂದಿನ ಸಾಲಿನ ಹುಡುಗಿಯೊಂದು ಅತ್ತುಬಿಟ್ಟಿತು. ಹೆಡ್‌ಮಾಸ್ತರರು ಆಮೇಲೆ ನನ್ನೊಡನೆ ಒಂದು ವಾರ ಮಾತಾಡಲಿಲ್ಲ.

ಇನ್ನೊಂದು ಸಲ ಬೀದಿಗೆ ಹುಚ್ಚುನಾಯಿ ಬಂತು. ಜನ ಜಗಲಿ ಹತ್ತಿದರು. ಗೌಡರು ಕೈಗೆ ಸಿಕ್ಕ ಗುದ್ದಲಿ ಹಿಡಿದು ಇಳಿದರು. ನಾಯಿ ಹಾರಿತು, ಅವರು ಸರಿದು ಒಂದೇ ಏಟು ಕೊಟ್ಟರು. ತಲೆ ಒಡೆಯಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮತ್ತೆ ಹೊಡೆದರು, ಮತ್ತೆ, ಮತ್ತೆ. ಮಣ್ಣು, ರಕ್ತ, ಕೂದಲು ಬೆರೆತು ಅದು ನಾಯಿಯೆಂದು ಗೊತ್ತಾಗದ ಹಾಗಾಯಿತು. ನಾನು ಕಿಟಕಿಯಿಂದ ಕೂಗಿಕೊಂಡೆ, "ಸತ್ತಿದೆ, ಬಿಡಿ ಗೌಡರೇ!"

ಅವರು ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿದರು. "ಕಣ್ಗೆ ಗೊತ್ತು ಕಣಮ್ಮ. ಕೈಗೆ ಗೊತ್ತಾಗ್ಬೇಕಲ್ಲ."

ಆ ರಾತ್ರಿಯೇ ಬೇರೆ ಮನೆ ಹುಡುಕಬೇಕೆಂದು ತೀರ್ಮಾನ ಮಾಡಿದೆ. ಬೆಳಿಗ್ಗೆ ಎದ್ದಾಗ ಬಾಗಿಲ ಮುಂದೆಲ್ಲ ಅವರೇ ಸಗಣಿ ಸಾರಿಸಿದ್ದರು. ಗಂಡಸು ಸಾರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮನೆ ಹುಡುಕುವುದು ಹಾಗೇ ಹಿಂದೆ ಬಿತ್ತು.

ಇಷ್ಟೆಲ್ಲ ಧೈರ್ಯದ ಮನುಷ್ಯನನ್ನು ಊರು ವರ್ಷಕ್ಕೊಂದು ದಿನ ಹೇಡಿ ಎಂದು ಆಡಿಕೊಳ್ಳುತ್ತಿತ್ತು. ಸಂಕ್ರಾಂತಿಯ ದಿನ. ನಮ್ಮ ಕಡೆ ಆವತ್ತು ಎತ್ತು, ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೊತ್ತು ಮುಳುಗುವಾಗ ಊರ ಮುಂದೆ ಹುಲ್ಲು ಹರಡಿ ಬೆಂಕಿ ಹಚ್ಚಿ ಅವನ್ನು ದಾಟಿಸುತ್ತಾರೆ. ಕಿಚ್ಚು ಹಾಯಿಸುವುದು. ಮೈಗಂಟಿದ ಉಣ್ಣೆ, ಹೇನು, ರೋಗ ಎಲ್ಲ ಸುಟ್ಟು ಹೋಗುತ್ತದೆಂದು ನಂಬಿಕೆ. ಗೌಡರು ಎತ್ತಿಗೆ ಮೈ ತೊಳೆಯುತ್ತಿದ್ದರು, ಬಣ್ಣ ಬಳಿಯುತ್ತಿದ್ದರು, ಎಳ್ಳುಬೆಲ್ಲ ತಿನ್ನಿಸುತ್ತಿದ್ದರು, ಆಮೇಲೆ ಕೊಟ್ಟಿಗೆಯಲ್ಲಿ ಕಟ್ಟಿ ಅಗುಳಿ ಹಾಕಿಬಿಡುತ್ತಿದ್ದರು. ಅವರ ಮನೆಯ ರಾಸು ಕಿಚ್ಚು ಕಂಡದ್ದೇ ಇಲ್ಲ.

ನಾನು ಹೋದ ಎರಡನೆಯ ವರ್ಷ ಊರಿಗೆ ಕಾಲುಬಾಯಿ ಜ್ವರ ಬಂತು. ದನಗಳು ಜೊಲ್ಲು ಸುರಿಸುತ್ತಾ ಕುಂಟಿದವು, ನಾಲ್ಕೈದು ಸತ್ತವು. ಮಿಲ್ಟ್ರಿ ಮನೆ ಎತ್ತು ಕಿಚ್ಚು ಹಾಯದ್ದರಿಂದಲೇ ಎಂದು ಅರಳಿಕಟ್ಟೆ ತೀರ್ಪು ಕೊಟ್ಟಿತು. ಗೌಡರ ಎದುರಿಗೆ ಹೇಳುವ ಗಂಡು ಯಾರು? ಪುಟ್ಟಸ್ವಾಮಿಯನ್ನು ಹಿಡಿದುಕೊಂಡರು. ಅವನಿಗಾಗ ಇಪ್ಪತ್ತರ ಬಿಸಿರಕ್ತ. ಗೌಡರಿಗೆ ಮಕ್ಕಳಿರಲಿಲ್ಲ, ಇವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದರು. "ನಿನ್ ದೊಡ್ಡಪ್ಪ ಬೆಂಕಿ ಕಂಡ್ರೆ ಉಚ್ಚೆ ಉಯ್ಕತನೆ, ನೀನೂ ಅಂಗೇಯೇನ್ಲಾ?" ಎಂದು ಜೊತೆಯವರು ದಿನಾ ಕೆಣಕಿದರು.

ಆ ಸಂಕ್ರಾಂತಿಯ ಮಧ್ಯಾಹ್ನ ಗೌಡರು ಮಳವಳ್ಳಿಗೆ ಹೋಗಿದ್ದರು. ಪುಟ್ಟಸ್ವಾಮಿ ಕೊಟ್ಟಿಗೆಯ ಅಗುಳಿ ತೆಗೆದ. ಜೋಡೆತ್ತನ್ನು ಹಿಡಿದುಕೊಂಡು ಹೊರಟವನು ಎಳೆಗರುವನ್ನೂ ಬಿಡಲಿಲ್ಲ. ಹೆದರುವ ಕರು ಎತ್ತಿನ ಜೊತೆ ತಾನಾಗಿ ಹಾಯುತ್ತದೆಂದು ಅದನ್ನು ಒಂದು ಎತ್ತಿನ ಹಿಂದೆ ಹಗ್ಗದಲ್ಲಿ ಕಟ್ಟಿದ. ನಾನು ಊರ ಹೆಂಗಸರ ಜೊತೆ ಗುಡಿಯ ಕಟ್ಟೆಯ ಮೇಲೆ ನಿಂತಿದ್ದೆ. ಸಂಭ್ರಮ ನೋಡಲು ಅಂತಲೇ ನಿಂತಿದ್ದೆ, ಈಗ ಮುಚ್ಚಿಟ್ಟು ಏನು ಪ್ರಯೋಜನ.

ಹುಲ್ಲಿಗೆ ಬೆಂಕಿ ಬಿತ್ತು. ತಮಟೆ ಬಡಿಯುತ್ತಿತ್ತು. ನಾಲ್ಕಾರು ಜೊತೆ ಹಾಯ್ದವು. ಪುಟ್ಟಸ್ವಾಮಿಯ ಎತ್ತುಗಳು ಮುಂದೆ ಬಂದವು, ಹಿಂದಿನ ಕರು ಕಾಲೂರಿ ಅಂಬಾ ಎಂದು ಕಿರುಚಿತು. ಅಷ್ಟರಲ್ಲಿ ಬಸ್ಸಿಳಿದ ಗೌಡರು ರಸ್ತೆಯ ಕಡೆಯಿಂದ ಓಡಿ ಬರುವುದು ಕಾಣಿಸಿತು. ಪಂಚೆ ಬಿಚ್ಚಿಹೋಗಿತ್ತು, ಚಡ್ಡಿಯಲ್ಲಿದ್ದರು. ದಾರಿಯಲ್ಲಿ ಯಾರದೋ ಹಿತ್ತಲಿನಿಂದ ಗುದ್ದಲಿಯ ಕಾವನ್ನು, ಬರೀ ಮರದ ಹಿಡಿಯನ್ನು, ಎಳೆದುಕೊಂಡಿದ್ದರು. ಮೊದಲು ಅಡ್ಡ ಬಂದವನ ಬಾಯಿಗೆ ಬಿತ್ತು. ಅವನು ರಕ್ತ ಉಗುಳುತ್ತಾ ಕುಸಿದ. ಇನ್ನೊಬ್ಬನನ್ನು ಎದೆಗೆ ಒದ್ದು ಬೂದಿಗೆ ಕೆಡವಿದರು. ತಮಟೆ ನಿಂತಿತು. ಆಮೇಲೆ ಬಲಗೈಯಲ್ಲಿ ಎತ್ತಿನ ಹಗ್ಗ ಹಿಡಿದಿದ್ದ ಪುಟ್ಟಸ್ವಾಮಿಯ ಮುಂದೆ ನಿಂತು ಕಾವು ಎತ್ತಿದರು.

ಎತ್ತಿದ ಕೈ ನಿಂತಿತು. ಒಂದು ಉಸಿರೆಳೆದು ಬಿಡುವಷ್ಟು ಹೊತ್ತು. ನಾನು ಅದನ್ನು ನನ್ನ ಕಣ್ಣಾರೆ ನೋಡಿದೆ. ಏನೋ ಬಾಯಾಡಿಸಿದ ಹಾಗೆ ಕಂಡಿತು, ಮಾತು ನನಗೆ ಕೇಳಿಸಲಿಲ್ಲ. ಆಮೇಲೆ ಕೈ ಇಳಿಯಿತು. ಮೂಳೆ ಮುರಿದದ್ದು ಮಾತ್ರ ಕಟ್ಟೆಯ ತನಕ ಕೇಳಿಸಿತು, ಹಸಿ ಕಬ್ಬು ಮುರಿದ ಸದ್ದು. ಮತ್ತೊಂದು ಏಟು, ಅದೇ ಕೈಗೆ. ಪುಟ್ಟಸ್ವಾಮಿ ಬಿದ್ದ ಮೇಲೂ ಕಾವು ಎದ್ದಿತು. ನಾಲ್ಕು ಜನ ಅಪ್ಪಿ ಹಿಡಿಯದಿದ್ದರೆ ಮೂರನೆಯದು ತಲೆಗೆ.

ಠಾಣೆಯಲ್ಲಿ ಸಾಕ್ಷಿ ಹೇಳಲು ಊರಿನ ಯಾರೂ ಮುಂದೆ ಬರಲಿಲ್ಲ. ಓದಿದವಳೆಂದು ನನ್ನನ್ನು ಕರೆಸಿದರು. ಬರೆದುಕೊಳ್ಳುತ್ತಿದ್ದವರು, "ಯಾರು ಅಂತ ಗೊತ್ತಿದ್ದೇ ಹೊಡೆದರೋ ಹೇಗಮ್ಮ?" ಎಂದು ಕೇಳಿದರು. ಗೊತ್ತಿದ್ದು ಹೊಡೆದರೆ ಅದಕ್ಕೊಂದು ಕಲಮು, ಕತ್ತಲಲ್ಲಿ ಗೊತ್ತಿಲ್ಲದೆ ಆದರೆ ಇನ್ನೊಂದು ಎಂದು ಯಾರೋ ಮೊದಲೇ ಕಿವಿಯಲ್ಲಿ ಹೇಳಿದ್ದರು. ನನ್ನ ಕಣ್ಣ ಮುಂದೆ ಆ ನಿಂತ ಕೈ ಇತ್ತು.

"ಹೊಗೆ ತುಂಬಿತ್ತು ಸಾರ್. ಮುಖ ಕಾಣುತ್ತಿರಲಿಲ್ಲ" ಎಂದೆ. ಸಹಿ ಹಾಕಿದೆ. ಸಂಬಂಧಿಕರು ಕೂತು ರಾಜಿ ಮಾಡಿಸಿದರು, ಕೇಸು ಅಲ್ಲಿಗೆ ನಿಂತಿತು.

ಆಚೆ ಬೆಂಚಿನ ಮೇಲೆ ಗೌಡರು ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಥ್ಯಾಂಕ್ಸ್ ಹೇಳುತ್ತಾರೆಂದು ಒಳಗೊಳಗೇ ಕಾದಿದ್ದೆನೇನೋ.

"ಯಾಕಮ್ಮ ಸುಳ್ ಬರ್ಸ್ದೆ?" ಅಂದರು.

"ನಿಮಗೆ ಜೈಲಾಗುತ್ತಿತ್ತು."

"ಆಗ್ಲಿ. ನಿಂಗ್ಯಾರ್ ಕೇಳಿದ್ರು?" ಅವರ ಕತ್ತಿನ ನರ ಉಬ್ಬಿತು. ನನಗೂ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಸ್ಕೂಲಿನಲ್ಲಿ ಆದ ಹಾಗೆ ಆವತ್ತೂ ಅವರು ಎರಡು ವಾಕ್ಯಕ್ಕೆ ನಿಲ್ಲಿಸಲಿಲ್ಲ.

"ಆ ಪಂಜಾಬಿನೋನ್ ಸೀಟ್ ತೊಳ್ದು ಎರಡ್ ದಿನ ಆಗಿತ್ತು. ಅಲ್ಲು ಇನ್ನೂ ಜೋಬಲ್ಲೇ ಇದ್ವು. ಬಾಂಬ್ ಆಕಿ ಪ್ಲೇನು ಮ್ಯಾಕೆ ಎದ್ರೆ, ಕೆಳೀಕಿರೋ ದಾರಿ ನಂಗೇ ಕಾಣದು. ಓಡ್ಸೋನ್ಗೆ ಬರೀ ಮೋಡ. ದಾರೀಲಿ ಯಾವ್ ಗಾಡಿ ಕಂಡ್ರೂ ಒಡೀರಿ, ಜಪಾನಿನೋರ ಮದ್ದುಗುಂಡು ಅದ್ರಲ್ಲೇ ಓಗೋದು ಅಂತ ಅಪ್ಪಣೆ ಆಗಿತ್ತು. ಒಂದ್ ಗಾಡಿ ಕಾಣ್ತು. ಕಮಾನು ಕಟ್ಟಿದ್ ಗಾಡಿ. ಇಂದೆ ಒಂದ್ ಕರ ಕಟ್ಟಿದ್ರು."

ಕರು ಕಟ್ಟಿದ್ದರೆ ಏನಾಯಿತೆಂದು ನಾನು ಅವರ ಮುಖ ನೋಡಿದೆ. ನನಗೆ ಅರ್ಥವಾಗಲಿಲ್ಲವೆಂದು ಅವರಿಗೆ ಗೊತ್ತಾಯಿತು.

"ನೀನು ಪ್ಯಾಟೆಯೋಳು. ಗಾಡಿ ಇಂದೆ ಕರ ಕಟ್ಟಿದ್ರೆ ಏನಮ್ಮ? ಸಂಸಾರ ಒಂಟದೆ ಅಂತ. ಮಿಲ್ಟ್ರಿಯೋನು ಕರ ಕಟ್ಕೊಂಡು ಓಯ್ತಾನಾ? ಕಮಾನಿನ್ ಒಳೀಕೆ ಎಂಗಸ್ರು ಅವ್ರೆ, ಮಕ್ಳವೆ, ಮಡಕೆ ಕುಡಿಕೆ ಅವೆ. ಒಕ್ಕಲು ಮಗಂಗೆ ಯಾರೂ ಯೋಳ್ಕೊಡ್ಬೇಕಾಗಿಲ್ಲ. ನಾನು ಕರ ಕಂಡೆ. ಕಂಡ್ಮ್ಯಾಲೆ ಗನ್ ಒತ್ದೆ."

"ಬೆಂಕಿ ಗುಂಡು ಕಣಮ್ಮ. ಗುರಿ ಕಾಣ್ಲಿ ಅಂತ ಮಧ್ಯ ಮಧ್ಯ ಒಂದೊಂದು ಸೇರ್ಸಿರ್ತಾರೆ. ಕಮಾನು ಅತ್ಕೊಂತು. ನೊಗ ಕಟ್ಟಿದ್ ಎತ್ತು, ಎಲ್ಲೀಗ್ ಓದಾವು? ಬೆನ್ನಿಗೆ ಬೆಂಕಿ ಕಟ್ಕೊಂಡೇ ಓಡುದ್ವು. ಓಡ್ದಷ್ಟೂ ಗಾಳಿ, ಗಾಳಿ ಆಡ್ದಷ್ಟೂ ಬೆಂಕಿ. ಒಳಗಿಂದ ಒಂದು ಎಂಗ್ಸು ಉರ್ಕೊಂಡು ಕೆಳೀಕೆ ಬಿದ್ಲು. ಅವಳ ಮ್ಯಾಲೇ ಗಾಡಿ ಆ ಕರ ಎಳ್ಕೊಂಡೋಯ್ತು. ಪ್ಲೇನು ದೂರ ಆಗೋಗಂಟ ನಾನು ನೋಡ್ತಾನೇ ಇದ್ದೆ. ನೋಡೋದೇ ನನ್ ಕೆಲ್ಸ. ಅದಾದ್ಮ್ಯಾಲೆ ಜಪಾನಿನೋನ್ ಪ್ಲೇನು ಬೆನ್ನಿಗ್ ಬಿತ್ತು, ಅದ್ನೂ ಕೆಡವ್ದೆ. ಅದ್ಕೇ ಮೆಡ್ಲು ಬಂದಿದ್ದು. ಕಾಗ್ದದಲ್ಲಿ ಎರಡೂ ಅದೆ. 'ಶತ್ರು ಸಾಮಾನಿನ ಗಾಡಿ ನಾಸ' ಅಂತ. ಆ ರಿಪೋರ್ಟ್ ಬರ್ಸ್ದೋನು ನಾನೇ. ಈಗ ನೀನೂ ಒಂದ್ ಬರ್ಸ್ದೆ."

"ಹಾಗಾದರೆ ಪುಟ್ಟಸ್ವಾಮಿ..." ಎಂದೆ.

"ಅವ್ನ ಮುಖಾನೂ ಕಂಡೆ. ನಮ್ಮನೆ ಐದ, ನಮ್ ಪುಟ್ಸಾಮಿ ಅಂತ ಕಂಡೆ. ಕಂಡ್ಮ್ಯಾಲೆ ಒಡ್ದೆ." ಬಗ್ಗಿ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. "ಅವ್ನು ಕೇಳುದ್ರೆ ಯೋಳು. ಕೇಳ್ದೆ ಇದ್ರೆ ಬುಡು."

ಅವನು ಕೇಳಲಿಲ್ಲ. ಕಟ್ಟು ಕಟ್ಟಿಸಿದರೂ ಕೈ ಸೊಟ್ಟಗೇ ಕೂಡಿಕೊಂಡಿತು. ಅದು ಕೂಡಿಕೊಳ್ಳುವ ತನಕ ಗೌಡರು ದಿನಾ ಎರಡು ಹೊತ್ತು ತಮ್ಮನ ಮನೆಗೆ ಹೋಗಿ, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಅವನ ಬಾಯಿಗಿಡುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಮೊದಲ ದಿನ ಪುಟ್ಟಸ್ವಾಮಿ ತುತ್ತನ್ನು ಅವರ ಮುಖಕ್ಕೆ ಉಗುಳಿದನಂತೆ. ಅವರು ಒರೆಸಿಕೊಂಡು ಇನ್ನೊಂದು ತುತ್ತು ಮುರಿದರಂತೆ. ಆಮೇಲೆ ಊರಿನಲ್ಲಿ ಅವರು ಯಾರ ಮೇಲೂ ಕೈ ಎತ್ತಲಿಲ್ಲ. ನನಗೆ ಕಿರುಗಾವಲಿಗೆ ವರ್ಗವಾಯಿತು, ಅಲ್ಲಿಂದ ಮಂಡ್ಯಕ್ಕೆ. ತೊಂಬತ್ತು ದಾಟಿ ಅವರು ಹೋದ ಸುದ್ದಿ ಬಂದಾಗ ಮಣ್ಣಿಗೆ ಹೋಗಿದ್ದೆ. ಹೆಣವನ್ನು ಹೊತ್ತ ನಾಲ್ವರಲ್ಲಿ ಪುಟ್ಟಸ್ವಾಮಿಯೂ ಒಬ್ಬ. ಎಡಹೆಗಲು ಕೊಟ್ಟಿದ್ದ.

ಈ ವಾರವೆಲ್ಲ ನಾನು ಉತ್ತರ ಹೊಸೆದೆ. ಹೊಗೆ ತುಂಬಿತ್ತು ಎಂದೇ ಹೇಳಿಬಿಡೋಣ, ಅರವತ್ತರ ಮನುಷ್ಯನಿಗೆ ಈಗ ಯಾಕೆ ನೋವು ಎಂದು ಒಂದು ಮನಸ್ಸು. ಕೇಳಿದರೆ ಹೇಳು ಅಂದವರ ಮಾತು ಇನ್ನೊಂದು ಕಡೆ. ಕಲ್ಲಿಗೆ ನಾಲ್ಕು ಸಾಲನ್ನೂ ಬರೆದಿಟ್ಟಿದ್ದೆ. ಶೌರ್ಯ, ಸಾಹಸ, ನಾಡಿನ ಹೆಮ್ಮೆ, ಎಲ್ಲ ಇತ್ತು. ಓದಿದರೆ ನನಗೇ ನಾಚಿಕೆಯಾಗುವಷ್ಟು ಚೆನ್ನಾಗಿತ್ತು.

ನಿನ್ನೆ ಪುಟ್ಟಸ್ವಾಮಿ ಬಂದ. ಕೂರಲಿಲ್ಲ. "ಯೋಳಿ ಟೀಚರಮ್ಮ" ಅಂದ.

"ಗೊತ್ತಿತ್ತು ಕಣಪ್ಪ" ಎಂದೆ. "ನಿನ್ನ ಮುಖ ನೋಡಿಯೇ ಹೊಡೆದರು. ಅವರೇ ನನಗೆ ಹೇಳಿದರು. ಠಾಣೆಯಲ್ಲಿ ನಾನು ಹೇಳಿದ್ದು ಸುಳ್ಳು." ಆಮೇಲೆ ಗಾಡಿಯದ್ದೂ ಹೇಳಿದೆ, ಬೆಂಕಿ ಗುಂಡಿನದ್ದೂ, ಹೆಂಗಸಿನದ್ದೂ, ಕರುವಿನದ್ದೂ. ಒಂದನ್ನೂ ಬಿಡಲಿಲ್ಲ.

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹಿಡಿದ ಕೈ ಬಿಡದೆಯೇ ಅಂದ, "ಗೊತ್ತಿತ್ತು ಅಂತ ನಂಗೂ ಗೊತ್ತು. ಕೈ ಎತ್ದೋರು ನನ್ ಎಸ್ರಿಡಿದು ಕರುದ್ರು. 'ಪುಟ್ಸಾಮಿ, ಅಗ್ಗ ಬುಡ್ಲಾ' ಅಂದ್ರು. ಎಲ್ರೂ ನೋಡ್ತಾವ್ರೆ ಅಂತ ನಾನು ಬುಡ್ನಿಲ್ಲ."

"ಮತ್ತೆ ನನ್ನನ್ನು ಯಾಕೆ ಕೇಳಿದೆ?"

"ಠಾಣೇಲಿ ಬರ್ಸಿದ್ ಸುಳ್ನೇ ಕಲ್ಲಿನ್ ಮ್ಯಾಲೂ ಬರ್ದೀರೇನೋ ಅಂತ ನೋಡ್ದೆ."

ನಾನು ಬರೆದಿಟ್ಟಿದ್ದ ಹಾಳೆ ಮೇಜಿನ ಮೇಲಿತ್ತು. ಅದನ್ನು ಎತ್ತಿ ಬಚ್ಚಿಡುವಷ್ಟು ಹೊತ್ತೂ ಸಿಗಲಿಲ್ಲ. ಅವನು ತೆಗೆದುಕೊಂಡು ಓದಿದ, ಮಡಿಸಿ ನನ್ನ ಕೈಗೇ ಕೊಟ್ಟ. ಪೆನ್ನು ಕೇಳಿದ. ಕಲ್ಲುಕುಟಿಗನಿಗೆ ತೋರಿಸಲು ತಂದಿದ್ದ ಚೀಟಿಯಲ್ಲಿ ಏರೋಪ್ಲೇನಿನ ಚಿತ್ರವಿತ್ತು. ಅದನ್ನು ಮೊದಲು ಹೊಡೆದುಹಾಕಿದ. ಆಮೇಲೆ ಸೊಟ್ಟ ಬಲಗೈಯಲ್ಲೇ ಪೆನ್ನು ಹಿಡಿದು ಎರಡು ಚಕ್ರ ಬರೆದ, ಮೇಲೊಂದು ಕಮಾನು, ಮುಂದೆ ಎರಡು ಎತ್ತು.

"ಎಸ್ರು ಒಂದೇ ಬರೀರಿ, ಬ್ಯಾರೆ ಏನೂ ಬ್ಯಾಡ. ಮ್ಯಾಲೆ ಇದ ಕೆತ್ತಿಸ್ತೀನಿ" ಅಂದ. ಗಾಡಿಯ ಹಿಂದೆ ಒಂದು ಕರು ಬರೆದ. ಎರಡರ ನಡುವೆ ಹಗ್ಗ ಎಳೆಯಲಿಲ್ಲ.